ಬ್ಯಾಟರಿ, ಸಿಡಿಐ, ಆರ್‌ಆರ್ ಯೂನಿಟ್ ಎಲ್ಲ ಹೊಸದು ಹಾಕಿದರೂ ಎಟಿವಿ ಫ್ಯೂಸ್ ಹೋಗುತ್ತಲೇ ಇದೆ

ಮೂಡಿಗೆರೆ_ತೋಟ · ಶನಿವಾರ ರಾತ್ರಿ 9:40

ನಮಸ್ಕಾರ ಎಲ್ಲರಿಗೂ. ತಲೆ ಕೆಟ್ಟು ಇಲ್ಲಿ ಬರೆಯುತ್ತಿದ್ದೇನೆ, ಸ್ವಲ್ಪ ಉದ್ದ ಆಗುತ್ತದೆ.

ತೋಟದ ಕೆಲಸಕ್ಕೆ ಅಂತ ಎರಡು ವರ್ಷದ ಹಿಂದೆ ಸೆಕೆಂಡ್ ಹ್ಯಾಂಡ್ ಎಟಿವಿ (ಬೈಕಿನ ಹಾಗೆ ಹ್ಯಾಂಡಲ್ ಇರುವ ನಾಲ್ಕು ಚಕ್ರದ ಗಾಡಿ) ತಗೊಂಡೆ. ಒಂದು ರೆಸಾರ್ಟಿನಲ್ಲಿ ಟೂರಿಸ್ಟುಗಳ ಕೈಯಲ್ಲಿ ಚೆನ್ನಾಗಿ ಏಟು ತಿಂದ ಗಾಡಿ. 150 ಸಿಸಿ, ಚೀನಾ ಎಂಜಿನ್, ಬೆಲ್ಟ್ ಡ್ರೈವ್, ರಿವರ್ಸ್ ಇದೆ. ಜೀಪು ಹೋಗದ ಕಡೆ ಗೊಬ್ಬರದ ಮೂಟೆ, ಸ್ಪ್ರೇ ಡ್ರಮ್ಮು, ಕೊಯ್ಲಿನಲ್ಲಿ ಹಣ್ಣಿನ ಚೀಲ ಎಲ್ಲ ಇದರಲ್ಲೇ.

ಈ ಮಳೆಗಾಲದಿಂದ ಕಾಟ ಶುರು. ಓಡುತ್ತಾ ಓಡುತ್ತಾ ಇದ್ದಕ್ಕಿದ್ದಂತೆ ಆಫ್. ನೋಡಿದರೆ ಸೀಟಿನ ಕೆಳಗಿನ 15 ಆಂಪಿಯರ್ ಫ್ಯೂಸ್ ಹೋಗಿರುತ್ತದೆ. ಹೊಸದು ಹಾಕಿದರೆ ಒಂದೊಂದು ಸಲ ಎರಡು ದಿನ ಓಡುತ್ತದೆ, ಒಂದೊಂದು ಸಲ ಎರಡು ನಿಮಿಷ. ಸೆಲ್ಫ್ ಸ್ಟಾರ್ಟ್ ಕೂಡ ನಿಧಾನ, ಮುದುಕರು ಮೆಟ್ಟಿಲು ಹತ್ತಿದ ಹಾಗೆ. ಕೆಲವು ದಿನ ಬರೀ ಟಕ್ ಅನ್ನುತ್ತದೆ, ಅಷ್ಟೇ.

ಪೇಟೆಯ ಮೆಕ್ಯಾನಿಕ್ ಹೇಳಿದ ಅಂತ ಬ್ಯಾಟರಿ ಹೊಸದು ಹಾಕಿದೆ. ಆಮೇಲೆ ಸಿಡಿಐ, ಅಂದರೆ ಪ್ಲಗ್ಗಿಗೆ ಕಿಡಿ ಕೊಡುವ ಡಬ್ಬ. ಆಮೇಲೆ ಆರ್‌ಆರ್ ಯೂನಿಟ್, ಬ್ಯಾಟರಿ ಚಾರ್ಜಿಂಗ್ ಹದದಲ್ಲಿಡುವಂಥದ್ದು. ಆರು ಸಾವಿರ ಹೋಯಿತು, ಫ್ಯೂಸ್ ಹೋಗುವುದು ನಿಂತಿಲ್ಲ. ಈಗ ಮ್ಯಾಗ್ನೆಟ್ ಕಾಯಿಲ್ (ಎಂಜಿನ್ ಓಡುವಾಗ ಕರೆಂಟು ಹುಟ್ಟಿಸುವುದು) ಬದಲಾಯಿಸೋಣ ಅನ್ನುತ್ತಿದ್ದಾನೆ. ಬದಲಾಯಿಸಲಾ?

ಬುಲೆಟ್_ಮಲ್ನಾಡ್ · ಶನಿವಾರ ರಾತ್ರಿ 9:58

30 ಆಂಪಿಯರ್ ಫ್ಯೂಸ್ ಹಾಕಿ ಗುರು. ನಮ್ಮ ಟಿಲ್ಲರಿನ ಲೈಟಿಗೆ ಹಾಗೇ ಮಾಡಿದ್ದು, ಆಮೇಲೆ ಹೋಗೇ ಇಲ್ಲ.

ಹಾಸನ_ಆಟೋಎಲೆಕ್ಟ್ರಿಕ್ · ಶನಿವಾರ ರಾತ್ರಿ 10:15

ಬುಲೆಟ್ ಅವರೇ, ದಯವಿಟ್ಟು ಬೇಡ. ಫ್ಯೂಸ್ ಇರುವುದು ವೈರ್ ಸುಡದಿರಲಿ ಅಂತ. ಆ ಗಾಡಿಯ ವೈರು ಎಳೆ ಎಳೆ ತೆಳ್ಳಗಿರುತ್ತದೆ. ಫ್ಯೂಸ್ ದಪ್ಪ ಮಾಡಿದರೆ ವೈರೇ ಫ್ಯೂಸ್ ಆಗುತ್ತದೆ, ಮತ್ತು ಆ ವೈರು ಹೋಗುವುದು ಪೆಟ್ರೋಲ್ ಟ್ಯಾಂಕಿನ ಅಡಿಯಲ್ಲಿ. ಸಿಗರೇಟ್ ಪ್ಯಾಕಿನ ಬೆಳ್ಳಿ ಕಾಗದ ಸುತ್ತಿದ ಫ್ಯೂಸ್ ಇದ್ದ ಸ್ಕೂಟರ್ ಒಂದು ನನ್ನ ಅಂಗಡಿಗೆ ಬಂದಿತ್ತು. ಸೀಟಿನ ಕೆಳಗೆ ಇಡೀ ವೈರಿಂಗ್ ಕಿಟ್ (ವೈರುಗಳ ಕಟ್ಟು) ಕರಗಿ ಒಂದೇ ಮುದ್ದೆ. ಬಣ್ಣ ಯಾವುದು ಅಂತಲೂ ಗೊತ್ತಾಗುತ್ತಿರಲಿಲ್ಲ.

ಮೂಡಿಗೆರೆಯವರೇ, ಇನ್ನು ಒಂದು ಪೈಸೆಯ ಪಾರ್ಟೂ ತರಬೇಡಿ. ಮೊದಲು ನಾಲ್ಕು ಪ್ರಶ್ನೆಗೆ ಉತ್ತರ ಕೊಡಿ. ಫ್ಯೂಸ್ ಹೋದ ಕ್ಷಣವೇ ಎಂಜಿನ್ ನಿಲ್ಲುತ್ತದಾ? ಫ್ಯೂಸ್ ಹೋಗುವಾಗ ಗಾಡಿ ಏನು ಮಾಡುತ್ತಿತ್ತು, ಗುಂಡಿಗೆ ಬಿತ್ತಾ, ತಿರುವಿನಲ್ಲಿತ್ತಾ, ಬ್ರೇಕ್ ಹಿಡಿದಿದ್ದಿರಾ? ಹೊರಗಿನಿಂದ ಏನಾದರೂ ಲೈಟು, ಹಾರ್ನ್ ಸೇರಿಸಿದ್ದೀರಾ? ನಿಮ್ಮ ಹತ್ತಿರ ವೋಲ್ಟ್, ಓಮ್ ನೋಡುವ ಮೀಟರ್ ಇದೆಯಾ?

ಮೂಡಿಗೆರೆ_ತೋಟ · ಶನಿವಾರ ರಾತ್ರಿ 10:31

ಹೌದು ಸರ್, ಫ್ಯೂಸ್ ಹೋದ ತಕ್ಷಣ ಎಂಜಿನ್ ಸಾಯುತ್ತದೆ. ಎಲ್ಲಿ ಹೋಗುತ್ತದೆ ಅಂತ ಗಮನ ಕೊಟ್ಟಿರಲಿಲ್ಲ, ಈಗ ಯೋಚನೆ ಮಾಡಿದರೆ ಕಣದಿಂದ ಕೆರೆ ಕಡೆ ಇಳಿಯುವ ತಿರುವಿನಲ್ಲಿ ಮೂರ್ನಾಲ್ಕು ಸಲ ಹೋಗಿದೆ. ರೆಸಾರ್ಟಿನವರು ಮುಂದೆ ಒಂದು ಎಲ್‌ಇಡಿ ಬಾರ್ ಹಾಕಿಸಿದ್ದರು, ಅದು ಹಾಳಾಗಿ ನಾನೇ ತೆಗೆದೆ. ವೈರು ಹಾಗೇ ಇದೆ ಅನಿಸುತ್ತದೆ. ಮೀಟರ್ ಇದೆ, ಪಂಪ್‌ಸೆಟ್ ನೋಡುವುದಕ್ಕೆ ಇಟ್ಟಿದ್ದು.

ಹಾಸನ_ಆಟೋಎಲೆಕ್ಟ್ರಿಕ್ · ಭಾನುವಾರ ಬೆಳಿಗ್ಗೆ 6:50

ಅರ್ಧ ಉತ್ತರ ನೀವೇ ಕೊಟ್ಟಿರಿ. ಫ್ಯೂಸ್ ಹೋದ ಕೂಡಲೇ ಎಂಜಿನ್ ನಿಂತರೆ ನಿಮ್ಮದು ಡಿಸಿ ಸಿಡಿಐ, ಬ್ಯಾಟರಿಯ 12 ವೋಲ್ಟಿನಲ್ಲಿ ಕೆಲಸ ಮಾಡುವಂಥದ್ದು. ಎಸಿ ಸಿಡಿಐ ಆಗಿದ್ದರೆ ಕರೆಂಟು ಮ್ಯಾಗ್ನೆಟ್ ಕಾಯಿಲಿನಿಂದ ನೇರವಾಗಿ ಬರುತ್ತಿತ್ತು, ಫ್ಯೂಸ್ ಇಲ್ಲದಿದ್ದರೂ ಎಂಜಿನ್ ಓಡುತ್ತಲೇ ಇರುತ್ತಿತ್ತು. ಹಾಗಾಗಿ ಎಂಜಿನ್ ನಿಂತಿದ್ದು ಬೇರೆ ರೋಗ ಅಲ್ಲ, ಫ್ಯೂಸ್ ಹೋದದ್ದರಿಂದ ಆದದ್ದು. ಸಿಡಿಐ ಬದಲಾಯಿಸಿದ್ದು ಸುಮ್ನೆ ಖರ್ಚು.

ಈ ಗಾಡಿಗಳಲ್ಲಿ ವೈರಿನ ಬಣ್ಣ ಸಾಮಾನ್ಯವಾಗಿ ಹೋಂಡಾ ಲೆಕ್ಕದಲ್ಲೇ ಇರುತ್ತದೆ. ಹಳೆ ಸ್ಪ್ಲೆಂಡರ್ ಬಿಚ್ಚಿದವರಿಗೆ ಗೊತ್ತಿರುತ್ತದೆ: ಹಸಿರು ಅರ್ತ್ (ಬಾಡಿಗೂ ಬ್ಯಾಟರಿ ನೆಗೆಟಿವ್‌ಗೂ ಸೇರುವುದು), ಕೆಂಪು ಬ್ಯಾಟರಿಯಿಂದ ನೇರ ಬರುವ ಪಾಸಿಟಿವ್, ಕಪ್ಪು ಕೀ ಆನ್ ಮಾಡಿದ ಮೇಲೆ ಬರುವ ಪಾಸಿಟಿವ್. ಈ ಕಪ್ಪು ವೈರೇ ಹ್ಯಾಂಡಲ್ ತನಕ ಹೋಗಿ ಬ್ರೇಕ್ ಸ್ವಿಚ್ಚು, ಹಾರ್ನು, ಸೆಲ್ಫ್ ಬಟನ್ನಿಗೆ ಕರೆಂಟ್ ಕೊಡುವುದು.

ಕೆ‌ಆರ್_ಪೇಟೆ_ಹುಡುಗ · ಭಾನುವಾರ ಬೆಳಿಗ್ಗೆ 7:20

ಕಪ್ಪು ಅಂದ್ರೆ ಅರ್ತ್ ಅಲ್ವಾ ಅಣ್ಣ? ನಾನು ಯಾವಾಗಲೂ ಕಪ್ಪನ್ನು ಬಾಡಿಗೆ ಕೊಡೋದು.

ಹಾಸನ_ಆಟೋಎಲೆಕ್ಟ್ರಿಕ್ · ಭಾನುವಾರ ಬೆಳಿಗ್ಗೆ 7:26

ಮೀಟರಿಗೆ, ಸ್ಪೀಕರಿಗೆ, ಎಲ್‌ಇಡಿ ಬಾರಿಗೆ ಕಪ್ಪು ಅಂದರೆ ನೆಗೆಟಿವ್. ಈ ಗಾಡಿಯ ಕಪ್ಪು ವೈರನ್ನು ಬಾಡಿಗೆ ಕೊಟ್ಟರೆ ಕೀ ತಿರುಗಿಸಿದ ಕೂಡಲೇ ಫ್ಯೂಸ್ ಢಮಾರ್. ಹೊರಗಿನಿಂದ ಲೈಟ್ ಹಾಕಿಸಿಕೊಂಡ ಎಷ್ಟೋ ಗಾಡಿಗಳ ಕಥೆ ಅಲ್ಲೇ ಶುರುವಾಗುತ್ತದೆ. ಬಣ್ಣ ನೋಡಿ ನಂಬಬೇಡ ತಮ್ಮ, ಮೀಟರ್ ಇಟ್ಟು ನೋಡಿ ನಂಬು.

ಈಗ ಮೂಡಿಗೆರೆಯವರ ಕೆಲಸ. ಮೀಟರ್ ಪಕ್ಕಕ್ಕಿಡಿ. ಹಳೆ ಬೈಕಿನ ಇಂಡಿಕೇಟರ್ ಬಲ್ಬ್ ಒಂದು ತಗೊಳ್ಳಿ, 12 ವೋಲ್ಟ್ 21 ವ್ಯಾಟ್ ಇರುವಂಥದ್ದು, ಎರಡು ಕಡೆ ವೈರ್ ಬೆಸೆಯಿರಿ. ಫ್ಯೂಸ್ ತೆಗೆದು ಫ್ಯೂಸಿನ ಜಾಗಕ್ಕೆ ಆ ಎರಡು ವೈರು ಸಿಕ್ಕಿಸಿ. ಈಗ ಬಲ್ಬೇ ನಿಮ್ಮ ಫ್ಯೂಸ್. ಎಲ್ಲೇ ಶಾರ್ಟ್ ಆದರೂ ಬಲ್ಬಿನೊಳಗೆ ಎರಡು ಆಂಪಿಯರಿಗಿಂತ ಜಾಸ್ತಿ ಹೋಗುವುದಿಲ್ಲ, ಏನೂ ಸುಡುವುದಿಲ್ಲ, ಹತ್ತು ರೂಪಾಯಿಯ ಫ್ಯೂಸ್ ಡಬ್ಬಿಗಟ್ಟಲೆ ದಂಡವೂ ಆಗುವುದಿಲ್ಲ. ಹೆಡ್‌ಲೈಟ್ ಕಪ್ಲರ್ (ವೈರು ಜೋಡಿಸುವ ಪ್ಲಗ್) ಬಿಚ್ಚಿಡಿ, ಇಲ್ಲದಿದ್ದರೆ ಅದರ ಲೋಡಿಗೂ ಬಲ್ಬ್ ಉರಿದು ದಾರಿ ತಪ್ಪಿಸುತ್ತದೆ.

ಕೀ ಆಫ್ ಇರುವಾಗಲೇ ಬಲ್ಬ್ ಉರಿದರೆ ಕೆಂಪು ವೈರಿನ ದಾರಿಯಲ್ಲಿ ಶಾರ್ಟ್. ಕೀ ಆನ್ ಮಾಡಿದಾಗ ಸ್ವಲ್ಪ ಮಂಕಾಗಿ ಉರಿದರೆ ಸರಿ, ಸಿಡಿಐ ಮತ್ತು ಗಾಡಿಯ ಸ್ಪೀಡೋಮೀಟರಿನ ದೀಪಕ್ಕೆ ಹೋಗುವ ಕರೆಂಟು ಅದು. ಪೂರ್ತಿ ಪ್ರಕಾಶವಾಗಿ ಉರಿದರೆ ಆ ಕ್ಷಣ ಎಲ್ಲೋ ಶಾರ್ಟ್ ಇದೆ ಅಂತ. ಆಮೇಲೆ ಹ್ಯಾಂಡಲ್ ಪೂರ್ತಿ ಎಡಕ್ಕೆ, ಪೂರ್ತಿ ಬಲಕ್ಕೆ ತಿರುಗಿಸಿ. ವೈರಿಂಗ್ ಕಿಟ್ ಉದ್ದಕ್ಕೂ ಕೈಯಲ್ಲಿ ಅಲುಗಾಡಿಸುತ್ತಾ ಬನ್ನಿ. ಒಬ್ಬರು ಬಲ್ಬ್ ನೋಡುತ್ತಿರಲಿ.

ಬುಲೆಟ್_ಮಲ್ನಾಡ್ · ಭಾನುವಾರ ಬೆಳಿಗ್ಗೆ 8:02

30ರ ಮಾತು ವಾಪಸ್ ತಗೊಂಡೆ ಮಾರಾಯ್ರೆ. ಟಿಲ್ಲರ್ ಫ್ಯೂಸ್ ಈಗಲೇ ನೋಡಿ ಬರುತ್ತೇನೆ.

ಆಲ್ಬರ್ಟಾ_ಕನ್ನಡಿಗ · ಭಾನುವಾರ ಬೆಳಿಗ್ಗೆ 9:11

ಕೆನಡಾದಿಂದ ಒಂದು ಮಾತು. ನಾವು ಇಲ್ಲಿ ಎಟಿವಿ ಮುಂದೆ ಬ್ಲೇಡ್ ಕಟ್ಟಿ ಮನೆ ಮುಂದಿನ ಹಿಮ ತಳ್ಳುತ್ತೇವೆ. ಬೇಸಿಗೆಯಲ್ಲಿ ಶೆಡ್ಡಿನಲ್ಲಿ ನಿಲ್ಲಿಸಿದಾಗ ಇಲಿ ಬಂದು ಸೀಟಿನ ಕೆಳಗೆ ಗೂಡು ಮಾಡಿ ವೈರು ತಿಂದಿತ್ತು. ನನ್ನದೂ ಹೀಗೇ, ಒಮ್ಮೆ ಓಡುತ್ತದೆ, ಒಮ್ಮೆ ಇಲ್ಲ. ಏರ್ ಫಿಲ್ಟರ್ ಡಬ್ಬದ ಹಿಂದೆ, ಟ್ಯಾಂಕಿನ ಕೆಳಗೆ ಕಣ್ಣು ಹೋಗದ ಕಡೆ ಟಾರ್ಚ್ ಬಿಟ್ಟು ನೋಡಿ. ಇಲಿ ಕಚ್ಚದ ಹಾಗೆ ಮೆಣಸಿನಕಾಯಿ ಖಾರ ಸೇರಿಸಿದ ಟೇಪ್ ಇಲ್ಲಿ ಸಿಗುತ್ತದೆ, ಹೋಂಡಾದವರೇ ಮಾರುತ್ತಾರೆ.

ಬುಲೆಟ್_ಮಲ್ನಾಡ್ · ಭಾನುವಾರ ಬೆಳಿಗ್ಗೆ 9:15

ನಮ್ಮ ಹೆಗ್ಗಣಗಳು ಆ ಟೇಪನ್ನು ಉಪ್ಪಿನಕಾಯಿ ಅಂತ ನೆಕ್ಕುತ್ತವೆ. ಸೂಜಿಮೆಣಸಿನ ಟೇಪ್ ಇದ್ದರೆ ಹೇಳಿ.

ಮೂಡಿಗೆರೆ_ತೋಟ · ಭಾನುವಾರ ಮಧ್ಯಾಹ್ನ 1:05

ಸಿಕ್ಕಿತು ಸರ್!! ಮಗ ಬಲ್ಬ್ ನೋಡುತ್ತಾ ಕೂತಿದ್ದ, ನಾನು ಹ್ಯಾಂಡಲ್ ತಿರುಗಿಸಿದೆ. ಬಲಕ್ಕೆ ಏನೂ ಇಲ್ಲ. ಎಡಕ್ಕೆ ಕೊನೆತನಕ ತಿರುಗಿಸಿದರೆ ಅಪ್ಪಾ ಅಪ್ಪಾ ಉರೀತು ಅಂತ ಕೂಗಿದ. ಬಿಟ್ಟರೆ ಮಂಕು. ಹತ್ತು ಸಲ ಮಾಡಿದೆ, ಹತ್ತು ಸಲವೂ ಅದೇ. ಕೆರೆ ತಿರುವು ಕೂಡ ಎಡಕ್ಕೇ!

ಮುಂದಿನ ಪ್ಲಾಸ್ಟಿಕ್ ಬಿಚ್ಚಿ ನೋಡಿದೆ. ಹ್ಯಾಂಡಲ್ ಕಂಬದ ಹತ್ತಿರ ಯಾರೋ ವೈರಿಂಗ್ ಕಿಟ್ಟನ್ನು ಫ್ರೇಮಿಗೆ ಕೇಬಲ್ ಟೈ ಹಾಕಿ ಉಸಿರು ಕಟ್ಟುವ ಹಾಗೆ ಬಿಗಿದಿದ್ದಾರೆ. ಪ್ರತಿ ಸಲ ತಿರುಗಿಸಿದಾಗಲೂ ಕಿಟ್ ಎಳೆದು ಎಳೆದು ಫ್ರೇಮಿನ ಅಂಚಿಗೆ ಉಜ್ಜಿದೆ. ಟೇಪ್ ಹರಿದು ಕಪ್ಪು ವೈರಿನ ತಾಮ್ರ ಕಾಣುತ್ತಿದೆ, ಫ್ರೇಮಿನ ಮೇಲೆ ಕರಿ ಚುಕ್ಕೆ. ತಾಮ್ರ ಹಸಿರಾಗಿ ಕಿಲುಬು ಹಿಡಿದಿದೆ. ಪಕ್ಕದಲ್ಲೇ ಎಲ್‌ಇಡಿ ಬಾರಿಗೆ ತೆಗೆದಿದ್ದ ಜಾಯಿಂಟು, ಕಪ್ಪು ವೈರು ಸುಲಿದು ಸುತ್ತಿ ಮೇಲೆ ಬರೀ ಟೇಪು.

ಈಗ ಟೇಪ್ ಸುತ್ತಿ ಓಡಿಸಲಾ?

ಹಾಸನ_ಆಟೋಎಲೆಕ್ಟ್ರಿಕ್ · ಭಾನುವಾರ ಮಧ್ಯಾಹ್ನ 2:30

ಭೇಷ್. ಮಗನಿಗೆ ಐಸ್‌ಕ್ರೀಮ್ ಕೊಡಿಸಿ.

ಟೇಪ್ ಬೇಡ. ನಮ್ಮ ಮಳೆಯಲ್ಲಿ ಇನ್ಸುಲೇಷನ್ ಟೇಪಿನ ಗೋಂದು ಬಿಟ್ಟು ಒಳಗೆ ನೀರು ನಿಲ್ಲುತ್ತದೆ, ಮುಂದಿನ ವರ್ಷ ಮತ್ತೆ ಇಲ್ಲೇ ಬರೆಯುತ್ತೀರಿ. ಕಿಲುಬು ವೈರಿನ ಸಿಪ್ಪೆಯೊಳಗೂ ಹತ್ತಿಕೊಂಡು ಹೋಗಿರುತ್ತದೆ. ಹೊಳೆಯುವ ತಾಮ್ರ ಸಿಗುವ ತನಕ ಎರಡೂ ಕಡೆ ಕತ್ತರಿಸಿ. ಹ್ಯಾಂಡಲ್ ತಿರುಗುವ ಜಾಗದಲ್ಲಿ ಜಾಯಿಂಟ್ ಇರಲೇಬಾರದು. ಟ್ಯಾಂಕಿನ ಹತ್ತಿರದಿಂದ ಹ್ಯಾಂಡಲ್ ತನಕ ಹೊಸ ವೈರು ಒಂದೇ ತುಂಡು ಎಳೆಯಿರಿ, ಜಾಯಿಂಟ್ ಅಲುಗಾಡದ ಕಡೆ ಬರಲಿ. ಆಟೋಮೊಬೈಲ್ ವೈರೇ ತಗೊಳ್ಳಿ. ಮನೆಗೆ ಹಾಕುವ ಒಂಟಿ ತಂತಿಯ ವೈರು ಈ ಕುಲುಕಾಟಕ್ಕೆ ಮುರಿಯುತ್ತದೆ.

ಜಾಯಿಂಟಿಗೆ ಬೆಸುಗೆ ಹಾಕಿ ಮೇಲೆ ಹೀಟ್ ಶ್ರಿಂಕ್ ಸ್ಲೀವ್, ಅಂದರೆ ಬಿಸಿ ಮಾಡಿದರೆ ಕುಗ್ಗಿ ಬಿಗಿಯುವ ಪ್ಲಾಸ್ಟಿಕ್ ಕೊಳವೆ.

ಬೆಂಗಳೂರು_ರಿಪೇರಿ · ಭಾನುವಾರ ಮಧ್ಯಾಹ್ನ 3:12

ಬೆಸುಗೆ ವಿಷಯದಲ್ಲಿ ನನ್ನದು ಬೇರೆ ಅಭಿಪ್ರಾಯ ಸರ್. ಸೀಸ ವೈರಿನೊಳಗೆ ಹತ್ತಿ ಎಲ್ಲಿ ನಿಲ್ಲುತ್ತದೋ ಅಲ್ಲಿ ವೈರು ಗಟ್ಟಿ ಕಡ್ಡಿ ಆಗುತ್ತದೆ. ಎಟಿವಿ ಕುಲುಕಾಟಕ್ಕೆ ಮುರಿಯುವುದು ಸರಿಯಾಗಿ ಅದೇ ಜಾಗದಲ್ಲಿ. ಒಳ್ಳೆ ಕ್ರಿಂಪ್ ಟೂಲಿನಲ್ಲಿ (ವೈರಿನ ಮೇಲೆ ಲೋಹದ ಕೊಳವೆ ಕೂರಿಸಿ ಒತ್ತುವ ಇಕ್ಕಳ) ಒತ್ತಿ, ಒಳಗೆ ಗೋಂದು ಇರುವ ಹೀಟ್ ಶ್ರಿಂಕ್ ಹಾಕಿದರೆ ನೀರೂ ಹೋಗಲ್ಲ, ಮುರಿಯಲ್ಲ. ಎಸ್‌.ಪಿ. ರೋಡಿನಲ್ಲಿ ಗೋಂದಿನ ಸ್ಲೀವ್ ಮೀಟರ್ ಲೆಕ್ಕದಲ್ಲಿ ಸಿಗುತ್ತದೆ.

ಹಾಸನ_ಆಟೋಎಲೆಕ್ಟ್ರಿಕ್ · ಭಾನುವಾರ ಮಧ್ಯಾಹ್ನ 3:40

ಒಪ್ಪುತ್ತೇನೆ, ಕ್ರಿಂಪ್ ಟೂಲ್ ಒಳ್ಳೆಯದಿದ್ದರೆ. ಕಟಿಂಗ್ ಪ್ಲೇಯರಿನಲ್ಲಿ ಕಚ್ಚಿ ಒತ್ತಿದ ಕ್ರಿಂಪಿಗಿಂತ ನನ್ನ ಬೆಸುಗೆ ಮೇಲು. ಮೂವತ್ತು ವರ್ಷದಿಂದ ಬೆಸೆಯುತ್ತಿದ್ದೇನೆ, ಜಾಯಿಂಟಿನ ಎರಡೂ ಪಕ್ಕ ಒಂದೊಂದು ಇಂಚು ಬಿಟ್ಟು ಕಟ್ಟಿ ಅಲುಗಾಡದ ಹಾಗೆ ಮಾಡಿದರೆ ಮುರಿಯುವುದಿಲ್ಲ. ಟೂಲ್ ಇದ್ದರೆ ಕ್ರಿಂಪ್ ಮಾಡಿ, ಇಲ್ಲದಿದ್ದರೆ ಬೆಸುಗೆ. ಜಗಳ ಬೇಡ.

ಕಟ್ಟುವಾಗ ಹ್ಯಾಂಡಲ್ ಎರಡೂ ಕಡೆ ಪೂರ್ತಿ ತಿರುಗಿಸಿ, ವೈರು ಎಲ್ಲೂ ಎಳೆಯದಷ್ಟು ಸಡಿಲ ಬಿಡಿ. ಅಂಚು ತಾಗುವ ಕಡೆ ಹಳೆ ಸೈಕಲ್ ಟ್ಯೂಬ್ ತುಂಡು ಸುತ್ತಿದರೂ ಸಾಕು.

ಮೂಡಿಗೆರೆ_ತೋಟ · ಮಂಗಳವಾರ ಸಂಜೆ 6:20

ಹೊಸ ವೈರು ಎಳೆದೆ. ಕ್ರಿಂಪ್ ಟೂಲ್ ಇಲ್ಲ, ಬೆಸುಗೆಯೇ ಹಾಕಿದ್ದು, ಬೆಂಗಳೂರಿನವರು ಬೇಜಾರು ಮಾಡಿಕೊಳ್ಳಬೇಡಿ. ಹಳೆ ಎಲ್‌ಇಡಿ ವೈರು ಪೂರ್ತಿ ಕಿತ್ತು ಎಸೆದೆ. ಎರಡು ದಿನದಿಂದ ಕೆರೆ ತಿರುವಿನಲ್ಲೇ ಸುತ್ತಿದ್ದೇನೆ, ಆಳುಗಳೆಲ್ಲ ಇವರಿಗೇನಾಯಿತು ಅಂತ ನೋಡುತ್ತಿದ್ದಾರೆ. ಫ್ಯೂಸ್ ಹೋಗಿಲ್ಲ.

ಆದರೆ ಸೆಲ್ಫ್ ಇನ್ನೂ ಮುದುಕನೇ. ಒಮ್ಮೊಮ್ಮೆ ಟಕ್ ಅಷ್ಟೇ. ಸೆಲ್ಫ್ ಮೋಟರ್ ಹೋಗಿದೆಯಾ?

ಕೆ‌ಆರ್_ಪೇಟೆ_ಹುಡುಗ · ಮಂಗಳವಾರ ಸಂಜೆ 6:44

ಎಂಜಿನ್ ಓಡುವಾಗ ಬ್ಯಾಟರಿ ವೈರ್ ಒಂದು ತೆಗೆದು ನೋಡಿ. ಎಂಜಿನ್ ನಿಂತರೆ ಚಾರ್ಜಿಂಗ್ ಇಲ್ಲ, ಅದಕ್ಕೇ ಸೆಲ್ಫ್ ವೀಕು ಅಂತ ಅರ್ಥ.

ಬೆಂಗಳೂರು_ರಿಪೇರಿ · ಮಂಗಳವಾರ ಸಂಜೆ 6:50

ಅಯ್ಯೋ ಅದನ್ನು ಮಾತ್ರ ಮಾಡಬೇಡಿ!! ಬ್ಯಾಟರಿ ಇದ್ದಾಗ ವೋಲ್ಟೇಜಿನ ಏರಿಳಿತವನ್ನು ಅದು ನುಂಗಿಕೊಳ್ಳುತ್ತದೆ. ಓಡುವಾಗ ತೆಗೆದರೆ ವೋಲ್ಟೇಜ್ ದಿಢೀರ್ ಅಂತ ಜಿಗಿದು ಹೊಸ ಸಿಡಿಐ, ಆರ್‌ಆರ್ ಯೂನಿಟ್ ಎರಡೂ ಹೋಗಬಹುದು. ಮೀಟರ್ ಇರುವಾಗ ಯಾಕೆ ಈ ಸರ್ಕಸ್ಸು.

ಮೊದಲು ಒಂದು ಸುಲಭದ್ದು. ಈ ಗಾಡಿಗಳಲ್ಲಿ ಬ್ರೇಕ್ ಹಿಡಿಯದೆ ಸೆಲ್ಫ್ ಬರುವುದಿಲ್ಲ, ಬ್ರೇಕ್ ಸ್ವಿಚ್ ಮೂಲಕವೇ ಕರೆಂಟು ಸೆಲ್ಫ್ ಬಟನ್ನಿಗೆ ಹೋಗುತ್ತದೆ. ಬ್ರೇಕ್ ಹಿಡಿದಾಗ ಹಿಂದಿನ ಕೆಂಪು ಲೈಟು ಬರುತ್ತದಾ ನೋಡಿ. ಲೈಟೂ ಇಲ್ಲ, ಟಕ್ ಸದ್ದೂ ಇಲ್ಲ ಅಂದರೆ ಸ್ವಿಚ್ ಕೆಟ್ಟಿದೆ. ನಿಮಗೆ ಟಕ್ ಬರುತ್ತಿದೆ, ಅಂದರೆ ರಿಲೇ (ಬಟನ್ ಒತ್ತಿದಾಗ ಮೋಟರಿಗೆ ಕರೆಂಟು ಬಿಡುವ ಸ್ವಿಚ್ಚು) ತನಕ ಎಲ್ಲ ಸರಿ. ತೊಂದರೆ ದಪ್ಪ ವೈರಿನ ದಾರಿಯಲ್ಲಿ.

ಮೀಟರ್ 20 ವೋಲ್ಟ್ ಡಿಸಿಗೆ ಇಡಿ. ಕಪ್ಪು ಮುಳ್ಳು ಬ್ಯಾಟರಿಯ ನೆಗೆಟಿವ್ ಸೀಸದ ಮೇಲೆಯೇ, ಕ್ಲಿಪ್ಪಿನ ಮೇಲಲ್ಲ. ಕೆಂಪು ಮುಳ್ಳು ಎಂಜಿನ್ನಿನ ಬಣ್ಣವಿಲ್ಲದ ಲೋಹಕ್ಕೆ. ಈಗ ಸೆಲ್ಫ್ ಹೊಡೆಯಿರಿ. ಸುಮಾರು 0.2, ಹೆಚ್ಚೆಂದರೆ 0.3 ತೋರಿಸಬೇಕು. ಆಮೇಲೆ ಇದೇ ಥರ ಬ್ಯಾಟರಿ ಪಾಸಿಟಿವ್‌ನಿಂದ ಸೆಲ್ಫ್ ಮೋಟರಿನ ಬೋಲ್ಟಿಗೆ.

ಮೂಡಿಗೆರೆ_ತೋಟ · ಮಂಗಳವಾರ ರಾತ್ರಿ 8:05

ಬ್ರೇಕ್ ಲೈಟ್ ಬರುತ್ತದೆ. ಪಾಸಿಟಿವ್ ಕಡೆ 0.3. ನೆಗೆಟಿವ್ ಕಡೆ 1.9!! ಆದರೆ ಮೀಟರಿನ ಬೀಪ್‌ನಲ್ಲಿ ಅದೇ ವೈರು ನೋಡಿದರೆ ಬೀಪ್ ಬರುತ್ತದೆ, ಓಮ್ ಸೊನ್ನೆ ತೋರಿಸುತ್ತದೆ. ಹೇಗೆ ಇದು?

ಹಾಸನ_ಆಟೋಎಲೆಕ್ಟ್ರಿಕ್ · ಮಂಗಳವಾರ ರಾತ್ರಿ 8:30

ಬೀಪ್ ನಂಬಿ ಮೋಸ ಹೋದವರಲ್ಲಿ ನಾನೂ ಒಬ್ಬ. ಬೀಪಿಗೆ ಮೀಟರ್ ಕಳಿಸುವುದು ಇರುವೆಯಷ್ಟು ಕರೆಂಟು. ವೈರಿನಲ್ಲಿ ಒಂದೇ ಎಳೆ ಉಳಿದಿದ್ದರೂ ಅದಕ್ಕೆ ದಾರಿ ಸಾಕು. ಸೆಲ್ಫ್ ಮೋಟರ್ ಕೇಳುವುದು ಹತ್ತಾರು ಆಂಪಿಯರ್. ಕಾಲುಸಂಕದ ಮೇಲೆ ಮನುಷ್ಯ ದಾಟಿದ ಅಂತ ಲಾರಿ ದಾಟುತ್ತದಾ? ಅದಕ್ಕೇ ಲೋಡ್ ಹಾಕಿ ವೋಲ್ಟ್ ನೋಡಬೇಕು.

ಸೆಲ್ಫಿಗೆ ಸಿಗಬೇಕಾದ ವೋಲ್ಟಿನಲ್ಲಿ ಸುಮಾರು ಎರಡು ಅರ್ತಿನಲ್ಲೇ ತಿಂದುಹೋಗುತ್ತಿದೆ. ನೆಗೆಟಿವ್ ವೈರು ಫ್ರೇಮಿಗೆ ಕೂರುವ ಬೋಲ್ಟ್ ಬಿಚ್ಚಿ. ರೆಸಾರ್ಟಿನವರು ಮಾರುವ ಮುಂಚೆ ಫ್ರೇಮಿಗೆ ಬಣ್ಣ ಹೊಡೆಸಿದ್ದರಾ?

ಮೂಡಿಗೆರೆ_ತೋಟ · ಬುಧವಾರ ಬೆಳಿಗ್ಗೆ 8:15

ಸರ್ ನಿಮಗೆ ಹೇಗೆ ಗೊತ್ತಾಯಿತು? ಹೌದು, ಹೊಸದಾಗಿ ಕಾಣಲಿ ಅಂತ ಪೂರ್ತಿ ಕರಿ ಬಣ್ಣ ಹೊಡೆದಿದ್ದಾರೆ, ಬೋಲ್ಟಿನ ಅಡಿಯಲ್ಲೂ ಬಣ್ಣ! ಅದರ ಮೇಲೆ ವೈರಿನ ಕಣ್ಣು ಕೂರಿಸಿ ಬಿಗಿದಿದ್ದಾರೆ. ಬೋಲ್ಟಿನ ಸುರುಳಿಯಿಂದ ಮಾತ್ರ ಕರೆಂಟು ಹೋಗುತ್ತಿತ್ತು, ಅದೂ ತುಕ್ಕು. ಮರಳು ಕಾಗದದಲ್ಲಿ ಉಜ್ಜಿ ಬೆಳ್ಳಗೆ ಮಾಡಿ, ಬಿಗಿದು, ಮೇಲೆ ವ್ಯಾಸಲೀನ್ ಸವರಿದೆ. ಬ್ಯಾಟರಿಯಿಂದ ಎಂಜಿನ್ನಿಗೆ ಇನ್ನೊಂದು ದಪ್ಪ ವೈರು ನೇರ ಕೊಟ್ಟೆ. ಈಗ 0.15. ಬಟನ್ ಒತ್ತಿದರೆ ಹುಡುಗನ ಹಾಗೆ ಎದ್ದು ನಿಲ್ಲುತ್ತದೆ.

ಇನ್ನೊಂದು ಬಾಕಿ. ಎಂಜಿನ್ ಓಡುವಾಗ ಬ್ಯಾಟರಿಯಲ್ಲಿ 13.0 ಅಷ್ಟೇ, ನ್ಯೂಟ್ರಲ್‌ನಲ್ಲಿ ಜಾಸ್ತಿ ಥ್ರಾಟಲ್ ಕೊಟ್ಟರೂ ಅಷ್ಟೇ. ಸಾಕಾ?

ಬೆಂಗಳೂರು_ರಿಪೇರಿ · ಬುಧವಾರ ಬೆಳಿಗ್ಗೆ 10:40

ಸಾಲದು. 13.8ರಿಂದ 14.5ರ ಒಳಗೆ ಬರಬೇಕು. ಆರ್‌ಆರ್ ಯೂನಿಟ್ಟಿನ ಕಪ್ಲರಿನ ಬಾಯಲ್ಲೇ ಎಷ್ಟು ಬರುತ್ತದೆ ನೋಡಿ, ಅಲ್ಲಿಗೂ ಬ್ಯಾಟರಿಗೂ ವ್ಯತ್ಯಾಸ ಇದ್ದರೆ ಮಧ್ಯೆ ಎಲ್ಲೋ ಕಳೆದುಹೋಗುತ್ತಿದೆ.

ಅಂದಹಾಗೆ ಯಾರಾದರೂ ಮ್ಯಾಗ್ನೆಟ್ ಕಾಯಿಲ್ ಅರ್ತ್ ಆಗಿದೆ, ಸುಟ್ಟಿದೆ ಅಂದರೆ ತಕ್ಷಣ ನಂಬಬೇಡಿ. ಈ ಥರದ ಸಣ್ಣ ಎಂಜಿನ್ನುಗಳಲ್ಲಿ ಬಹಳಷ್ಟಕ್ಕೆ ಕಾಯಿಲಿನ ಒಂದು ತುದಿ ಕಂಪನಿಯಿಂದಲೇ ಅರ್ತ್ ಆಗಿರುತ್ತದೆ. ಮೂರು ಹಳದಿ ವೈರಿನ ತ್ರೀ ಫೇಸ್ ಕಾಯಿಲ್ ಬಾಡಿಗೆ ಬೀಪ್ ಬಂದರೆ ಮಾತ್ರ ಕೆಟ್ಟದ್ದು.

ಮೂಡಿಗೆರೆ_ತೋಟ · ಬುಧವಾರ ಮಧ್ಯಾಹ್ನ 12:50

ಆರ್‌ಆರ್ ಯೂನಿಟ್ ಬಾಯಲ್ಲಿ 14.4, ಬ್ಯಾಟರಿಯಲ್ಲಿ 13.0. ಕಪ್ಲರ್ ಬಿಚ್ಚಿದರೆ ಒಂದು ಪಿನ್ನಿನ ಸುತ್ತ ಪ್ಲಾಸ್ಟಿಕ್ ಕಂದು ಬಣ್ಣಕ್ಕೆ ತಿರುಗಿ ಕರಗಿದೆ, ಪಿನ್ನು ಸಡಿಲ. ಹೊಸ ಆರ್‌ಆರ್ ಯೂನಿಟ್ ಹಾಕುವಾಗ ಅದೇ ಸುಟ್ಟ ಕಪ್ಲರಿಗೇ ಸಿಕ್ಕಿಸಿ ಕೊಟ್ಟಿದ್ದಾನೆ ಪುಣ್ಯಾತ್ಮ.

ಹಾಸನ_ಆಟೋಎಲೆಕ್ಟ್ರಿಕ್ · ಬುಧವಾರ ಮಧ್ಯಾಹ್ನ 1:20

ಹೊಸ ಪಿನ್ನು, ಹೊಸ ಕಪ್ಲರ್. ಐವತ್ತು ರೂಪಾಯಿಯ ಒಳಗೆ. ಗಾಡಿ ತೊಳೆಯುವಾಗ ಪ್ರೆಶರ್ ಗನ್ ಸೀಟಿನ ಕೆಳಗೆ, ಹ್ಯಾಂಡಲ್ ಸ್ವಿಚ್ಚಿಗೆ ನೇರ ಹಿಡಿಯಬೇಡಿ. ಅದು ಮಳೆಗಿಂತ ಕೆಟ್ಟದ್ದು.

ಮೂಡಿಗೆರೆ_ತೋಟ · ಶುಕ್ರವಾರ ರಾತ್ರಿ 9:00

ಕಪ್ಲರ್ ಬದಲಾಯಿಸಿದೆ, ಬ್ಯಾಟರಿಯಲ್ಲಿ ಈಗ 14.2. ವೈರು, ಸ್ಲೀವು, ಕಪ್ಲರ್ ಎಲ್ಲ ಸೇರಿ 340 ರೂಪಾಯಿ. ಮೊದಲು ಕೊಟ್ಟ ಆರು ಸಾವಿರದ ವಿಷಯ ಹೆಂಡತಿಗೆ ಗೊತ್ತಿಲ್ಲ, ಇಲ್ಲಿ ಯಾರೂ ಹೇಳಬೇಡಿ. ಹಳೆ ಸಿಡಿಐ ಸುಮ್ನೆ ಹಾಕಿ ನೋಡಿದೆ, ಅದರಲ್ಲೂ ಗಾಡಿ ಚೆನ್ನಾಗಿಯೇ ಓಡುತ್ತದೆ.

ಹಾಸನ_ಆಟೋಎಲೆಕ್ಟ್ರಿಕ್ · ಶುಕ್ರವಾರ ರಾತ್ರಿ 9:10

ಆ ಹಳೆ ಬ್ಯಾಟರಿ ಏನು ಮಾಡಿದಿರಿ?

ಮೂಡಿಗೆರೆ_ತೋಟ · ಶುಕ್ರವಾರ ರಾತ್ರಿ 9:12

ಹಾಳಾಗಿದೆಯಲ್ಲ ಅಂತ ಕೋಳಿಗೂಡಿನ ಲೈಟಿಗೆ ಹಾಕಿದ್ದೆ ಸರ್. ಜೂನ್‌ನಿಂದ ದಿನಾ ರಾತ್ರಿ ಉರಿಯುತ್ತಿದೆ.